ದೊಡ್ಡವ್ವನಿಗೆ ದೊಡ್ಡಕ್ಷರ

ಶಹಾಪುರದ ನಮ್ಮ ಮನೆಯಿಂದ ಸುರಪುರಕ್ಕೆ ಹೊರಟ ದೊಡ್ಡವ್ವ ಸೀದಾ ಹೋಗಿ ವಡಗೇರಾದ ಬಸ್ಸು ಹತ್ತಿದ್ದಳು. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದಾಗಲೇ ಅವಳಿಗೆ ಗೊತ್ತಾದದ್ದು. ಅಲ್ಲೇ ಇಳಿದು ವಾಪಸು ಬರಬಹುದಿತ್ತು. ಬರಲಿಲ್ಲ. ಬೇಕೆಂದೇ ಹತ್ತಿದವಳ ಹಾಗೆ ಗತ್ತಿನಿಂದ ವಡಗೇರಾಕ್ಕೇ ಟಿಕೆಟ್ ಹರಿಸಿಕೊಂಡಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಮರ್ಯಾದೆ ಪುಕ್ಕಟೆ ಅಲ್ಲವಲ್ಲ! ವಡಗೇರಾದಲ್ಲಿ ಇಳಿದು ನನಗೆ ಫೋನು ಮಾಡಿದಳು.

“ಇಲ್ಲಿ ಶೇಂಗಾ ಭಾಳ ಚಲೋ ಬಂದಾವಂತ. ನೋಡ್ಕೊಂಡು ಹೋದ್ರಾತು ಅಂತ ಬಂದೀನಿ.”

“ನಿನಗ ಹಲ್ಲೇ ಇಲ್ಲ, ಶೇಂಗಾ ಏನ್ ಮಾಡ್ತೀ?”

“ಹಲ್ಲಿದ್ದವ್ರು ತಿಂತಾರ. ಇಡು ಫೋನು.”

ಯಾದಗಿರಿಯ ಆಫೀಸಿನಲ್ಲಿ ಕಡತಗಳ ನಡುವೆ ಕೂತಿದ್ದ ನನಗೆ ನಗು ಬಂತು. ಸಂಜೆ ಬಸ್ಸಿನಲ್ಲಿ ಶಹಾಪುರಕ್ಕೆ ಮರಳುವಾಗ ಮಾತ್ರ ನಗು ಹೋಗಿ ಬೇರೆ ಯೋಚನೆ ಬಂತು. ದೊಡ್ಡವ್ವ ಬೋರ್ಡು ನೋಡದೆ ಬಸ್ಸು ಹತ್ತುವವಳಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಲ್ಲ ಬೋರ್ಡುಗಳನ್ನೂ ಜೋರಾಗಿ ಓದಿ, ಓದಲು ಬಾರದ ನಾಲ್ಕು ಜನರನ್ನು ಅವರವರ ಬಸ್ಸಿಗೆ ಹತ್ತಿಸಿ, ಆಮೇಲೆ ತಾನು ಹತ್ತುವವಳು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಇಪ್ಪತ್ತು ಚಿಲ್ಲರೆ ಕುರಿ, ನಾಲ್ಕಾರು ಆಡು, ಮಳೆ ನಂಬಿದ ಎರಡು ತುಂಡು ಹೊಲ. ಮಗ ಸೊಸೆ ಕುರಿ ಹೊಡೆದುಕೊಂಡು ಹೋದರೆಂದರೆ ಮಧ್ಯಾಹ್ನ ಆ ಅಂಗಳ ಓಣಿಯ ಹೆಂಗಸರದು. ಆರು ಜನ ಬೇವಿನ ಗಿಡದ ಕೆಳಗೆ ಹಳೆಯ ಸೀರೆಗಳನ್ನು ಪದರ ಪದರ ಹಾಸಿ ಕೌದಿ ಹೊಲಿಯುತ್ತಾರೆ. ದೊಡ್ಡವ್ವ ಸೂಜಿ ಹಿಡಿಯುವುದಿಲ್ಲ. ಅವಳ ಕೆಲಸ ಓದುವುದು. ಆ ಓಣಿಯ ಅವಳ ವಾರಿಗೆಯವರಲ್ಲಿ ಏಳನೆಯ ತರಗತಿ ಮುಗಿಸಿದವಳು ಅವಳೊಬ್ಬಳೇ. ಬೇವಿನ ಬೊಡ್ಡೆಗೆ ಬೆನ್ನು ಕೊಟ್ಟು ಕೂತು ಕಥೆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾಳೆ, ಉಳಿದವರು ಕೇಳುತ್ತ ದಾರ ಎಳೆಯುತ್ತಾರೆ. ಮೊದಲನೆಯ ಚಹಾ ಅವಳಿಗೆ. ಜಗಳವಾದರೆ ತೀರ್ಪು ಅವಳದು. ಬೊಡ್ಡೆಯ ಆ ಜಾಗದಲ್ಲಿ ಅವಳು ಇಲ್ಲದಿದ್ದಾಗಲೂ ಯಾರೂ ಕೂರುವುದಿಲ್ಲ.

ಮರುದಿನವೇ ರಜೆ ಹಾಕಿ ರಂಗಂಪೇಟೆಗೆ ಹೋದೆ. ಗೋಡೆಯ ಕ್ಯಾಲೆಂಡರು ತೋರಿಸಿ, ಇವತ್ತಿನ ತಿಥಿ ಏನು ಓದು ನೋಡೋಣ ಎಂದೆ. 

“ನೀ ನನಗ ಪರೀಕ್ಷಾ ಮಾಡಾಕ ಬಂದೀಯೇನು?” ಎಂದು ನನ್ನನ್ನು ದುರುಗುಟ್ಟಿ ನೋಡಿದಳು. ಆ ನೋಟವೂ ನನ್ನ ಮುಖದ ಮೇಲೆ ಬೀಳಲಿಲ್ಲ, ಕಿವಿಯ ಪಕ್ಕಕ್ಕೆ ಹೋಯಿತು. ಎಳೆದುಕೊಂಡು ಹೋದ ಹಾಗೆ ಯಾದಗಿರಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪೊರೆ ಹಿಂದೆಯೇ ತೆಗೆಸಿಯಾಗಿತ್ತು, ಇದು ಪೊರೆಯಲ್ಲ. ಕಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಸವೆದಿದೆ, ಇದ್ದಷ್ಟು ಬೆಳಕನ್ನು ಉಳಿಸಿಕೊಳ್ಳಬಹುದು ಅಷ್ಟೆ, ಅಕ್ಷರ ದಪ್ಪವಿದ್ದರೆ ಓದಬಲ್ಲರು, ಸಣ್ಣ ಅಕ್ಷರ ಇನ್ನು ಆಗದು ಎಂದು ಡಾಕ್ಟರು ಹೇಳಿದರು. ದೊಡ್ಡವ್ವ ಅದನ್ನು ತಲೆಯಾಡಿಸಿ ಕೇಳಿಕೊಂಡಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡಳು.

“ಓಣ್ಯಾಗ ಹೇಳಬ್ಯಾಡ.”

“ಹೇಳಿದ್ರ ಏನಾಗ್ತದ?”

“ಏನಾಗ್ತದ? ಫೋನ್ ಹಚ್ಚಿ ಧಾರಾವಾಹಿ ನೋಡ್ಕೋತ ಕುಂದರ್ತಾರ. ನನಗ ಒಂದು ಸೂಜಿ ಕೊಡ್ತಾರ. ಸೂಜಿ ಪೋಣಸಾಕ ಕಣ್ಣು ಕಾಣ್ತಾವೇನು ನನಗ? ಆಮ್ಯಾಲ ಹಿತ್ತಲದಾಗ ಆಡು ಕಾಕೋತ ಕುಂದರದು.”

“ಮತ್ತ ಈಗ ಹೆಂಗ ಓದಾಕತ್ತೀ?”

“ಹಂಗ, ಅಂದಾಜಿನ ಮ್ಯಾಲ.”

ನಾನು ನಂಬಿದೆ. ಎರಡು ವರ್ಷದಿಂದ ಅವಳು ಓದುತ್ತಿದ್ದುದು ಹರಿದ ರಟ್ಟಿನ ಒಂದೇ ಹಳೆಯ ಕಾದಂಬರಿ. ಮೊದಲ ಹಾಳೆಗಳು ಹೋಗಿ ಅದರ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಹಿಂದೊಮ್ಮೆ ತಾನೇ ಓದಿದ್ದ ಪುಸ್ತಕ, ಅರ್ಧ ಕಂಡು ಅರ್ಧ ನೆನಪಿನಿಂದ ತುಂಬಿಸುತ್ತಿರಬೇಕು ಅಂದುಕೊಂಡೆ. ಅತ್ತೆಯ ಕಾಟ ತಾಳಲಾರದೆ ಮನೆ ಬಿಟ್ಟು ಹೊರಟ ಒಬ್ಬ ಸೊಸೆಯ ಕಥೆ ಅದು. ಆಕೆ ಹೊಳೆ ದಾಟಿ, ಬಳೆಯ ಬುಟ್ಟಿ ಹೊತ್ತು ಊರೂರು ತಿರುಗಿ, ಕಡೆಗೆ ಒಂದು ಪೇಟೆಯಲ್ಲಿ ಸ್ವಂತ ಬಳೆ ಅಂಗಡಿ ಹಾಕುತ್ತಾಳೆ. ನಾನೂ ತಿಂಗಳಿಗೆ ಒಂದೆರಡು ಭಾನುವಾರ ಕೂತು ಕೇಳಿದವಳೇ. ಓಣಿಯವರಿಗಂತೂ ಆ ಸೊಸೆ ಪಕ್ಕದ ಮನೆಯವಳಿದ್ದ ಹಾಗೆ. ಮಳೆ ಬಂದರೆ, “ಪಾಪ, ಆಕಿ ಅಂಗಡಿ ಸೋರಾಕತ್ತಿರಬೇಕು” ಅನ್ನುವವರು.

ಅಂದೇ ನಿಶ್ಚಯ ಮಾಡಿದೆ, ದೊಡ್ಡವ್ವನ ಕೈಗೆ ದಪ್ಪ ಅಕ್ಷರದ ಪುಸ್ತಕ ಕೊಡಲೇಬೇಕು ಎಂದು. ಮೊದಲು ಹೊಳೆದದ್ದು ಫೋನು. ನನ್ನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಕೊಟ್ಟೆ. ಅಂಗಳದ ಬಿಸಿಲಿಗೆ ಪರದೆಯಲ್ಲಿ ಅವಳದೇ ಮುಖ ಕಂಡಿತೇ ಹೊರತು ಅಕ್ಷರ ಕಾಣಲಿಲ್ಲ. ಒಳಗೆ ಕೂರಿಸಿದರೆ ಹತ್ತು ನಿಮಿಷಕ್ಕೆ ಕಣ್ಣಲ್ಲಿ ನೀರು ದಳದಳ. ನಡುವೆ ಸಾಲ ಬೇಕೇ ಎಂದು ಯಾರೋ ಪುಣ್ಯಾತ್ಮ ಫೋನು ಮಾಡಿದ. ದೊಡ್ಡವ್ವ ಐದು ನಿಮಿಷ ಅವನ ಊರು, ಮನೆತನ ವಿಚಾರಿಸಿದಳು.

ಪುಸ್ತಕ ಓದಲಿಕ್ಕೆಂದೇ ಒಂದು ಯಂತ್ರ ಬರುತ್ತದೆ, ಅದರ ಪರದೆ ಹೊಳೆಯುವುದಿಲ್ಲ, ಕಾಗದದ ಹಾಗೆ ಮಂಕಾಗಿರುತ್ತದೆ, ಬಿಸಿಲಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಹೇಳಿದವರು ನಮ್ಮ ಆಫೀಸಿನ ಲೆಕ್ಕದ ವಿಭಾಗದ ಒಬ್ಬರು. ಮಾತು ಕಮ್ಮಿ, ಓದು ಜಾಸ್ತಿ. ಮರುದಿನ ತಮ್ಮದನ್ನೇ ತಂದು ತೋರಿಸಿದರು. ಊಟದ ಹೊತ್ತಿಗೆ ಇಡೀ ಆಫೀಸು ಅದರ ಸುತ್ತ.

“ಬಣ್ಣ ಇಲ್ಲೇನ್ರಿ ಇದಕ್ಕ?”

“ಇಲ್ರಿ.”

“ಪಿಕ್ಚರು?”

“ಬರಂಗಿಲ್ರಿ.”

“ಹಾಡು?”

“ಇಲ್ರಿ.”

“ಮತ್ತ ಇದಕ್ಕ ರೊಕ್ಕ ಕೊಟ್ಟೀರೇನ್ರಿ!” ಎಂದು ನಮ್ಮ ಜವಾನರು ಬಹಳ ಮರುಗಿದರು.

ನನಗೆ ಮಾತ್ರ ಅದನ್ನು ನೋಡಿದ ಕೂಡಲೇ ಪಸಂದಾಯಿತು. ಕಿಟಕಿಯ ಬಿಸಿಲಿಗೆ ಹಿಡಿದೆ. ಅಕ್ಷರ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತವು. ದೊಡ್ಡದು ಮಾಡುತ್ತ ಹೋದೆ, ಒಂದು ಪರದೆಗೆ ಹತ್ತೇ ಪದ ಬರುವಷ್ಟು. ಬೆಲೆ ಕೇಳಿದ ಮೇಲೆ ಮೆಲ್ಲಗೆ ಕೆಳಗಿಟ್ಟೆ. ಅವರದು ದುಬಾರಿಯದು. ಕ್ಲಾರ್ಕಿನ ಕೈಗೆ ಎಟುಕುವಂಥದೂ ಇವೆ, ಹುಡುಕಬೇಕು ಎಂದರು.

ಹುಡುಕಾಟ ಶುರುವಾಯಿತು. ಶಹಾಪುರದ ಮೊಬೈಲ್ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವನು ಮೂರು ಟ್ಯಾಬು ತೆಗೆದು ಮುಂದಿಟ್ಟ.

“ಅಕ್ಕಾರ, ಇದ್ರಾಗ ಕ್ಯಾಮೆರಾ ಮಸ್ತ್ ಅದರಿ.”

“ನನಗ ಕ್ಯಾಮೆರಾ ಬ್ಯಾಡಪ್ಪ, ಓದಾಕ ಬೇಕು.”

“ಸ್ಪೀಕರ್ ನೋಡ್ರಿ, ಓಣಿಗೆಲ್ಲ ಕೇಳಸ್ತದ.”

“ಸ್ಪೀಕರ್ ನಮ್ಮ ದೊಡ್ಡವ್ವಗೇ ಅದ. ಹೊಳಪಿಲ್ಲದ ಪರದಿ ಬೇಕು.”

“ಹೊಳಪು ಇಲ್ಲದ್ದು?” ಆತ ಪಾಪ ಬಹಳ ಯೋಚಿಸಿದ. “ಕೆಟ್ಟಿದ್ದು ಒಂದದ ನೋಡ್ರಿ, ರಿಪೇರಿಗೆ ಬಂದದ.”

ಆಮೇಲೆ ಒಂದು ತಿಂಗಳು ಶಹಾಪುರ-ಯಾದಗಿರಿ ಬಸ್ಸಿನಲ್ಲಿ ನನ್ನ ಕೆಲಸವೇ ಅದಾಯಿತು. ಕಿವಿಗೆ ವೈರು ಸಿಕ್ಕಿಸಿಕೊಂಡು, ಯಂತ್ರಗಳನ್ನು ಬಿಚ್ಚಿ ತೋರಿಸುವವರ ವಿಡಿಯೋ ನೋಡುವುದು. ಆರು ಇಂಚು ಸಾಕೋ, ಎಂಟು ಬೇಕೋ? ಒಳಗೆ ದೀಪ ಇರಬೇಕೋ ಬೇಡವೋ? ದೀಪ ಬೇಡ, ಓದುವುದು ಬೇವಿನ ಕೆಳಗೆ, ಸೂರ್ಯ ಪುಕ್ಕಟೆ. ನೀರಿಗೆ ಬಿದ್ದರೂ ಏನಾಗದಂಥದೂ ಇದೆಯಂತೆ. ಅದೂ ಬೇಡ, ನಮ್ಮಲ್ಲಿ ನೀರೆಲ್ಲಿದೆ? ಹೀಗೆ ಒಂದೊಂದೇ ಬೇಡ ಅನ್ನುತ್ತ ಬೆಲೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡೆ. ಎಲ್ಲಾ ಬೇಡವಾದ ಮೇಲೆ ಉಳಿದದ್ದು ಒಂದು ಪ್ರಶ್ನೆ. ಹಾಳೆ ತಿರುಗಿಸಲು ಗುಂಡಿ ಇರುವುದೋ, ಮುಟ್ಟಿದರೆ ತಿರುಗುವುದೋ?

ಗುಂಡಿಯದು ಬೇಡ ಅನ್ನಿಸಿತು. ಕಣ್ಣು ಮಂಜಾದವಳು ಗುಂಡಿ ತಡಕಾಡುತ್ತ ಕೂತರೆ ಓಣಿಯವರಿಗೆ ಗೊತ್ತಾಗುವುದಿಲ್ಲವೇ? ಮುಟ್ಟಿದರೆ ತಿರುಗುವುದಾದರೆ ಎಲ್ಲಿ ಮುಟ್ಟಿದರೂ ನಡೆಯುತ್ತದೆ. ಅದರಲ್ಲೂ ಒಂದು ಫಜೀತಿ ಇತ್ತು. ದೊಡ್ಡವ್ವನ ಹೆಬ್ಬೆರಳು ಫೋನಿನ ಪರದೆಗೆ ತಾಗುವುದೇ ಇಲ್ಲ! ಜೀವಮಾನವೆಲ್ಲ ಕುರಿಯ ಉಣ್ಣೆ, ಹಗ್ಗ, ಕುಡುಗೋಲು ಹಿಡಿದು ಬೆರಳು ಕೊರಡಾಗಿದೆ. ಅವಳು ಒತ್ತಿದರೆ ಫೋನು ಯಾರೂ ಮುಟ್ಟೇ ಇಲ್ಲ ಎಂಬಂತೆ ಸುಮ್ಮನಿರುತ್ತದೆ. “ಇದಕ್ಕೂ ಸೊಕ್ಕು ಬಂದದ” ಎಂದು ಅವಳು ಅದನ್ನು ಬದಿಗಿಡುತ್ತಾಳೆ.

ಲೆಕ್ಕದ ವಿಭಾಗದವರನ್ನೇ ಮತ್ತೆ ಕೇಳಿದೆ. ಹಳೆಯ ಮಾದರಿಯ ಕೆಲವದರಲ್ಲಿ ಪರದೆಯ ಅಂಚಿನಲ್ಲಿ ಕಾಣದ ಬೆಳಕಿನ ಬೇಲಿ ಇರುತ್ತದೆ, ಬೆರಳಾದರೂ ಸರಿ, ಕಡ್ಡಿಯಾದರೂ ಸರಿ, ಬೇಲಿಗೆ ಅಡ್ಡ ಬಂದರೆ ಸಾಕು ಎಂದರು. ನನಗೆ ಬೇಕಾದದ್ದು ಅದೇ. ಹಳೆಯ ಮಾದರಿ, ಯಾರೋ ಬಳಸಿ ಬಿಟ್ಟದ್ದು, ಹಾಗಾಗಿ ಅಗ್ಗ. ಪಾರ್ಸೆಲ್ಲು ಬಂದ ದಿನ ಮೊದಲು ಬೆರಳಿನಿಂದ ಮುಟ್ಟಿ ನೋಡಿದೆ, ಆಮೇಲೆ ಊದುಬತ್ತಿಯ ಕಡ್ಡಿಯಿಂದ, ಆಮೇಲೆ ಸೆರಗಿನ ತುದಿಯಿಂದ. ಎಲ್ಲದಕ್ಕೂ ಹಾಳೆ ತಿರುಗಿತು. ಜಗತ್ತಿನಲ್ಲಿ ನನ್ನಷ್ಟು ಶಾಣ್ಯಾ ಗಿರಾಕಿ ಇನ್ನೊಬ್ಬಳಿಲ್ಲ ಎಂದು ಎರಡು ದಿನ ಬೀಗಿದೆ.

ಯಂತ್ರವೇನೋ ಬಂತು, ಒಳಗೆ ಹಾಕಲು ಪುಸ್ತಕ? ಜಾಲದಲ್ಲಿ ಸಿಕ್ಕ ಹಳೆಯ ಕನ್ನಡ ಪುಸ್ತಕಗಳು ಬರೀ ಪುಟದ ಫೋಟೋ. ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯಿಂದಾಚೆ ಹೋಗುತ್ತದೆ, ಎಡಕ್ಕೂ ಬಲಕ್ಕೂ ಜಗ್ಗಾಡಬೇಕು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದು ಯಾಕೆ ಶುರುವಾಯಿತು ಎಂಬುದೇ ಮರೆತಿರುತ್ತದೆ. ಕಡೆಗೆ ಗೊತ್ತಾದದ್ದೇನೆಂದರೆ, ಫೋನಿನಲ್ಲಿ ಪುಟದ ಫೋಟೋ ಹೊಡೆದರೆ ಅದರಲ್ಲಿನ ಅಕ್ಷರಗಳನ್ನು ಹೆಕ್ಕಿ ಕೊಡುವ ಆ್ಯಪು ಇದೆ. ಹಾಗೆ ಹೆಕ್ಕಿದ ಅಕ್ಷರವನ್ನು ಎಷ್ಟು ಬೇಕಾದರೂ ದಪ್ಪ ಮಾಡಬಹುದು. ಸರಿ, ಓಣಿಯವರಿಗೆ ಬೇಕಾದದ್ದು ಬಳೆ ಅಂಗಡಿಯವಳ ಕಥೆ ತಾನೇ? ಅದನ್ನೇ ಹಾಕೋಣ ಎಂದು ದೊಡ್ಡವ್ವನ ಹತ್ತಿರ ಪುಸ್ತಕ ಕೇಳಿದೆ.

“ಅದು ಬ್ಯಾಡ. ಬ್ಯಾರೆ ಯಾವುದಾರ ಹಾಕು.”

“ಯಾಕ?”

“ಹರದದ. ಹುಳ ತಿಂದಾವ. ಬ್ಯಾಡ ಅಂದೆ ಇಲ್ಲೋ?”

ಹಟಮಾರಿ ಮುದುಕಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅವಳು ಗಿರಣಿಗೆ ಜೋಳ ಒಯ್ದ ಹೊತ್ತು ನೋಡಿ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿದೆ. ಹಿಂದಿನ ಬಾಗಿಲಿನಲ್ಲಿ ಕೂತು ಒಂದು ತಾಸಿನಲ್ಲಿ ಎಲ್ಲ ಪುಟಗಳ ಫೋಟೋ ಹೊಡೆದು, ಇದ್ದಲ್ಲಿಯೇ ಇಟ್ಟೆ. ವಾರವಿಡೀ ಬಸ್ಸಿನಲ್ಲಿ ಅಕ್ಷರ ಹೆಕ್ಕಿಸಿದೆ. ಮೊದಲ ಮೂವತ್ತು ಪುಟ ಕೂತು ತಿದ್ದಿದೆ, ಯಾಕೆಂದರೆ ಆ್ಯಪು ‘ಅತ್ತೆ’ ಇದ್ದಲ್ಲೆಲ್ಲ ‘ಆತ್ತ’ ಮಾಡಿತ್ತು. ಮುಂದಿನದು ಓದಲಿಲ್ಲ. ಓದುವುದೇನು, ಕಥೆ ನನಗೆ ಗೊತ್ತೇ ಇತ್ತಲ್ಲ!

ಭಾನುವಾರ ಯಂತ್ರವನ್ನು ದೊಡ್ಡವ್ವನ ಕೈಗಿಟ್ಟೆ. ಅಂಗಳದಲ್ಲಿ ಆಗ ನಾವಿಬ್ಬರೇ. ಬಿಸಿಲಿಗೆ ಹಿಡಿದಳು, ದೂರ ಮಾಡಿದಳು, ಹತ್ತಿರ ತಂದಳು. ಕಣ್ಣನ್ನು ಸ್ವಲ್ಪ ವಾರೆ ಮಾಡಿದಳು. ಆಮೇಲೆ ಅವಳ ತುಟಿ ಅಲ್ಲಾಡಿತು. ಒಂದು ಪದ, ಎರಡು ಪದ, ಒಂದು ಸಾಲು. ಕೊರಡು ಬೆರಳಿನಿಂದ ಮುಟ್ಟಿದಳು, ಹಾಳೆ ತಿರುಗಿತು. ಇನ್ನೊಂದು ಸಾಲು. 

“ಯವ್ವಾ, ಇವು ಕಾಣಾಕತ್ತಾವ” ಎಂದಳು.

ಅಷ್ಟೇ ಹೇಳಿದ್ದು. ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ, ಚಹಾ ಆರಿ ಕೆನೆ ಕಟ್ಟಿದರೂ ಓದುತ್ತಲೇ ಇದ್ದಳು. ಯಾವ ಪುಸ್ತಕ ಎಂದು ನಾಲ್ಕು ಪುಟ ಆದ ಮೇಲೆ ಅವಳಿಗೆ ಗೊತ್ತಾಯಿತು. ನನ್ನತ್ತ ಒಂದು ಸಲ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ, ಮತ್ತೆ ಓದತೊಡಗಿದಳು. ನನಗೆ ಆಗ ಎಷ್ಟು ಖುಷಿಯಾಯಿತು ಎಂದರೆ, ಹಿತ್ತಲಿಗೆ ಹೋಗಿ ಆಡಿನ ಮರಿಯನ್ನು ಎತ್ತಿಕೊಂಡು ಮುದ್ದಾಡಿದೆ. ಅದು ನನ್ನ ಹೊಸ ಸೀರೆಯ ಮೇಲೆ ತನ್ನ ಕೆಲಸ ಮಾಡಿತು.

ಆ ವಾರವೆಲ್ಲ ಕೌದಿಯ ಕೆಲಸ ಇರಲಿಲ್ಲ. ಹೆಂಗಸರೆಲ್ಲ ಕಳೆ ತೆಗೆಯಲು ಹೋಗಿದ್ದರು. ದೊಡ್ಡವ್ವ ಯಂತ್ರದಲ್ಲಿ ಮೊದಲಿನಿಂದ ನಿಧಾನವಾಗಿ ಓದುತ್ತಿದ್ದಳಂತೆ. ಮುಂದಿನ ಭಾನುವಾರ ಮತ್ತೆ ಅಂಗಳ ತುಂಬಿತು. ಎದುರು ಮನೆಯ ಅತ್ತೆಯ ಮೊಮ್ಮಗಳಿಗೆ ಹೆರಿಗೆಯಾಗಿತ್ತು, ಆ ಕೂಸಿನ ಕೌದಿ ಹಾಸಿದ್ದರು. ಈ ಅತ್ತೆ ನಮಗೆ ಸಂಬಂಧವೇನಲ್ಲ, ಓಣಿಗೆಲ್ಲ ಅತ್ತೆ. ಬಾಯಿ ಬಿಟ್ಟರೆ ಆಚೆ ಓಣಿಗೆ ಕೇಳುತ್ತದೆ. ದೊಡ್ಡವ್ವನ ಕಣ್ಣಿನ ಮಾತು ಎತ್ತದೆ, ಇದು ಹೊಸ ಕಾಲದ ಪುಸ್ತಕ, ಆಫೀಸಿನಿಂದ ತಂದೀನಿ ಎಂದು ನಾನು ಎಲ್ಲರಿಗೂ ಹೇಳಿದೆ. ದೊಡ್ಡವ್ವ ಹಿಂದೆ ಎಲ್ಲಿಗೆ ಬಿಟ್ಟಿದ್ದಳೋ ಅಲ್ಲಿಂದ ಹೇಳುತ್ತಾಳೆ ಎಂದು ಎಲ್ಲರೂ ಕೂತರು. ಅವಳು, ಇವತ್ತು ಹೊಸ ಪುಸ್ತಕ ಅಲ್ಲವೇ, ಮೊದಲಿನಿಂದ ಓದುತ್ತೇನೆ, ಅತ್ತೆ ಸೊಸೆಯ ಮೊದಲ ಜಗಳ ಕೇಳಿ ಬಹಳ ದಿನವಾಯಿತು ಎಂದಳು. ಯಾರಿಗೂ ತಕರಾರು ಇರಲಿಲ್ಲ. ಜಗಳ ಎಲ್ಲರಿಗೂ ಪ್ರೀತಿ.

ಅಲ್ಲಿ ಒಂದು ರೂಢಿ ಇದೆ. ಓದು ಶುರುವಾಗುವ ಮೊದಲು ಪುಸ್ತಕ ಒಬ್ಬರ ಕೈಯಿಂದ ಒಬ್ಬರಿಗೆ ಹೋಗುತ್ತದೆ. ಪ್ರತಿಯೊಬ್ಬರೂ ಅದನ್ನು ಕೈಯಿಂದ ಸವರಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಓದಲು ಬಾರದವರು ಇನ್ನೂ ಭಕ್ತಿಯಿಂದ ಸವರುತ್ತಾರೆ. ನಾನು ಹುಟ್ಟಿದಾಗಿನಿಂದ ನೋಡಿದ ರೂಢಿ. ಒಂದು ತಿಂಗಳು ವಿಡಿಯೋ ನೋಡಿದರೂ ಅದೊಂದು ನನ್ನ ತಲೆಗೆ ಬಂದಿರಲಿಲ್ಲ. ಯಂತ್ರ ಆರು ಜನರ ಕೈ ದಾಟಿತು. ಆರು ಅಂಗೈ ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಪರದೆಯನ್ನು ಸವರಿದವು. ಒಬ್ಬಳು ಸೆರಗಿನಿಂದ ಒರೆಸಿ ನಮಸ್ಕಾರ ಮಾಡಿದಳು. ಏನು ಅಡ್ಡ ಬಂದರೂ ತಿರುಗುವ ಯಂತ್ರ ಅದು, ನಾನೇ ಆರಿಸಿ ತಂದದ್ದು. ಒಂದು ಕೈಗೆ ಪಟ್ಟಿ ತೆರೆಯಿತು, ಇನ್ನೊಂದು ಕೈಗೆ ಪುಟ ಜಾರಿಸುವ ಗೆರೆ ಸರಿಯಿತು. ಹೀಗೆ ಪುಸ್ತಕದ ಕೊನೆಯ ಭಾಗಕ್ಕೆ ಹೋಗಿ ನಿಂತಿತು ಎಂದು ನಾನು ತಿಳಿದದ್ದು ಆಮೇಲೆ.

ದೊಡ್ಡವ್ವ ಬೊಡ್ಡೆಗೆ ಒರಗಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ದನಿ ಎಷ್ಟು ಖಣಖಣ ಇತ್ತು! ಸೊಸೆ ಹೊಳೆಯ ದಂಡೆಗೆ ಬಂದಳು ಎಂದು ಓದಿದಳು. ಇದು ಮೊದಲಿನದಲ್ಲ ಎಂದು ಅವಳಿಗೂ ಅನ್ನಿಸಿರಬೇಕು, ಒಂದು ಕ್ಷಣ ತಡೆದಳು. ಆದರೆ ಅಷ್ಟು ದಿನಗಳ ಮೇಲೆ ಅಕ್ಷರ ತಾವಾಗಿ ಕಣ್ಣಿಗೆ ಬಂದು ಬೀಳುತ್ತಿದ್ದವು, ಬಾಯಿ ನಿಲ್ಲಲಿಲ್ಲ. ಪರದೆಗೆ ಹತ್ತೇ ಪದ, ಮುಂದೇನಿದೆ ಎಂದು ಕಾಣುವುದೂ ಇಲ್ಲ. ಮುಟ್ಟಿದಳು, ತಿರುಗಿತು, ಓದಿದಳು. ಹೊಳೆ ತುಂಬಿ ಬರುತ್ತಿತ್ತು. ಮುಟ್ಟಿದಳು. ಮೂರನೆಯ ದಿನ ಕೆಳಗಿನ ಊರಿನವರು. ಮುಟ್ಟಿದಳು. ಮುಳ್ಳುಕಂಟಿಗೆ ಸಿಕ್ಕಿದ್ದ ಆಕೆಯ ಹೆಣವನ್ನು.

ಅಲ್ಲಿಗೆ ನಿಂತಳು. ಸೂಜಿಗಳೂ ನಿಂತವು.

“ಯಾರ ಹೆಣ?” ಎಂದರು ಎದುರು ಮನೆಯ ಅತ್ತೆ.

ದೊಡ್ಡವ್ವ ಯಂತ್ರವನ್ನು ಮಡಿಲಿಗೆ ಇಳಿಸಿದಳು.

“ಯಾರದು ಅಂತ ಕೇಳಿದೆ. ಆಕಿ ಹೊಳಿ ದಾಟ್ಯಾಳಲ್ಲ? ಅಂಗಡಿ ಹಾಕ್ಯಾಳಲ್ಲ?”

ನಾನು ಶಾಣ್ಯಾಕಿ. ಹಾಳೆ ಹಾರಿರಬೇಕು, ತಡೀರಿ ಎಂದು ಯಂತ್ರವನ್ನು ಕಸಿದುಕೊಂಡೆ. ಹಿಂದೆ ತಿರುಗಿಸಿದೆ, ಮುಂದೆ ತಿರುಗಿಸಿದೆ. ಹೆಣ ಸಿಕ್ಕ ಮೇಲೆ ಎರಡು ಪುಟದಷ್ಟು ಅಳು, ಅಲ್ಲಿಗೆ ಪುಸ್ತಕ ಮುಗಿದಿತ್ತು. “ದೊಡ್ಡವ್ವಾ, ಇದ್ರಾಗ ಬಳಿ ಅಂಗಡಿನೇ ಇಲ್ಲಲ್ಲ!” ಎಂದು ಕೂಗಿಯೂ ಬಿಟ್ಟೆ. ಬಾಯಿಂದ ಮಾತು ಹೋದ ಮೇಲೆಯೇ ನನಗೆ ಹೊಳೆದದ್ದು. ಇನ್ನೂರು ಪುಟದ ಪುಸ್ತಕ ಎರಡು ವರ್ಷ ಯಾಕೆ ಮುಗಿದಿರಲಿಲ್ಲ, ಅದನ್ನು ಕೊಡಲು ಅವಳು ಯಾಕೆ ಒಪ್ಪಲಿಲ್ಲ, ಎಲ್ಲಾ ಒಮ್ಮೆಲೇ. ನನ್ನ ನಾಲಿಗೆಯನ್ನು ಕಿತ್ತು ಆಡಿಗೆ ಹಾಕಬೇಕು ಅನ್ನಿಸಿತು.

ದೊಡ್ಡವ್ವ ಕನ್ನಡಕ ತೆಗೆದಳು. 

“ಎರಡು ವರ್ಷ ಆತು ನನಗ ಅಕ್ಷರ ಕಾಣಂಗಿಲ್ಲ” ಎಂದಳು. ಯಾರ ಕಡೆಗೂ ನೋಡದೆ, ಕೌದಿಗೆ ಹೇಳಿದಂತೆ ಹೇಳಿದಳು. “ಆಕಿ ಹೊಳಿ ದಂಡಿಗೆ ಬರೂಮಟ ಓದೇನಿ. ಮುಂದ ಸಾಯ್ತಾಳಂತ ನನಗ ಗೊತ್ತಿತ್ತು, ಸಣ್ಣಾಕಿ ಇದ್ದಾಗ ಓದಿದ್ದೆ. ಅವತ್ತು ಕಣ್ಣೂ ಕಾಣಲಿಲ್ಲ, ಸಾಯ್ಸಾಕ ಮನಸೂ ಬರಲಿಲ್ಲ. ದಾಟಿಸಿಬಿಟ್ಟೆ. ಪುಸ್ತಕ ಸುಮ್ಮನ ಹಿಡಕೊಂಡು ಕುಂತಿದ್ದೆ. ತಪ್ಪಾತು. ನೀವಿನ್ನ ಫೋನ್ ಹಚ್ಕೋರಿ.”

ಬೊಡ್ಡೆಗೆ ಕೈಯೂರಿ ಎದ್ದಳು. ಆ ಜಾಗ ಬಿಟ್ಟು ಹಿತ್ತಲ ಕಡೆಗೆ ಎರಡು ಹೆಜ್ಜೆ ಇಟ್ಟಳು. ನನಗೆ ಅಳು ಬಂತು. ಅವಳ ಜಾಗ ಉಳಿಸಲೆಂದು ತಿಂಗಳುಗಟ್ಟಲೆ ಒದ್ದಾಡಿ, ನಾನೇ ಅವಳನ್ನು ಎಬ್ಬಿಸಿದ್ದೆ.

“ಏ, ಕುಂದ್ರು!” ಎಂದು ಎದುರು ಮನೆಯ ಅತ್ತೆ ಗದರಿದರು. “ದೊಡ್ಡ ಕಳ್ಳಿ ಸಿಕ್ಕಳು ನೋಡ್ರಿ. ಹೊಳಿ ದಾಟಿದ ಮ್ಯಾಲ ಆಕಿ ನೆನಸ್ಕೋತಾಳಲ್ಲ, ಅತ್ತಿ ಒಲಿ ಮುಂದ ನಿಂತು ಬೈದದ್ದು, ಅವು ನಮ್ಮತ್ತಿ ನನಗ ಬೈತಿದ್ದ ಬೈಗಳ. ಒಂದಕ್ಷರ ಬಿಟ್ಟಿಲ್ಲ. ಯಾವ ಊರಿನ ಯಾರೋ ಬರದ ಪುಸ್ತಕದಾಗ ನಮ್ಮತ್ತಿ ಹೆಂಗ ಬಂದಳು ಅಂತ ಕೇಳಾಕ ನನಗ ಬುದ್ಧಿ ಇರಲಿಲ್ಲಂತ ತಿಳದೀಯೇನು?”

ದೊಡ್ಡವ್ವ ನಿಂತಳು. ಕೌದಿಯ ಮೂಲೆಯಲ್ಲಿ ಕೂತಿದ್ದ, ಮಾತೇ ಆಡದ ಒಬ್ಬಳು ಮೆಲ್ಲಗೆ, “ಬುಟ್ಟಿ ಹೊತ್ತು ಕೊಂಕಲ್ ಊರಿಗೆ ಹೋಗಿ ಬಿಸಲಾಗ ಬಿದ್ದಾಕಿ ನಾನು” ಎಂದಳು. “ನೀ ಅದನ್ನ ಕಥ್ಯಾಗ ಹೇಳಿದಿ ಅಂತ ಅವತ್ತು ಮನಿಗೆ ಹೋಗಿ ಅತ್ತೀನಿ. ಚಲೋ ಅನಿಸಿತ್ತು.”

“ಗೊತ್ತಿದ್ದೂ ಯಾಕ ಸುಮ್ಮನಿದ್ರಿ?” ಎಂದು ದೊಡ್ಡವ್ವ ಕೇಳಿದಳು.

“ಹೇಳಿದ್ರ ನೀ ನಿಲ್ಲಿಸ್ತಿದ್ದಿ” ಎಂದರು ಅತ್ತೆ. “ಬಾ ಇಲ್ಲಿ. ಸತ್ತಾಕಿದೂ ಓದು. ಅರ್ಧಕ್ಕ ಬಿಡಬಾರದು ಆಕಿನ್ನ.”

ಮೊದಲು ಕೂಸಿನ ಕೌದಿಯನ್ನು ಸುತ್ತಿ ಒಳಗೆ ಇಟ್ಟು ಬಂದರು. ಕೂಸು ಹೊದೆಯುವ ಬಟ್ಟೆ ಸಾವಿನ ಮಾತು ಕೇಳಬಾರದು. ಆಮೇಲೆ ಎಲ್ಲರೂ ಬರಿಗೈಯಲ್ಲಿ ಕೂತರು. ದೊಡ್ಡವ್ವ ಬೊಡ್ಡೆಗೆ ಬಂದು ಒರಗಿದಳು, ಕನ್ನಡಕ ಹಾಕಿಕೊಂಡಳು. ಆ ದಪ್ಪ ಅಕ್ಷರಗಳನ್ನು ತನ್ನ ಕಣ್ಣಿನಿಂದಲೇ, ಒಂದೊಂದಾಗಿ, ಕೊನೆಯ ಪದದ ತನಕ ಓದಿದಳು. ಎದುರು ಮನೆಯ ಅತ್ತೆ ಮೂಗು ಒರೆಸಿಕೊಂಡರು. ನಾನಂತೂ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಆ ಸೊಸೆಗಾಗಿಯೋ ದೊಡ್ಡವ್ವನಿಗಾಗಿಯೋ ಇವತ್ತಿಗೂ ಹೇಳಲಾರೆ.

ಯಾರೋ ಚಹಾ ಮಾಡಿ ತಂದರು. ಕೌದಿ ಮತ್ತೆ ಹೊರಗೆ ಬಂತು, ಸೂಜಿಗೆ ದಾರ ಪೋಣಿಸಿದರು. ದೊಡ್ಡವ್ವ ಯಂತ್ರವನ್ನು ನನ್ನ ಮಡಿಲಿಗೆ ಹಾಕಿ, ಖಾಲಿ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಳು. ಅವಳು ಏನೂ ಹಿಡಿಯದೆ ಅಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಂದು ಗಳಿಗೆ ಸೆರಗು ಸರಿಮಾಡಿಕೊಂಡಳು.

“ಹೋದ ಸರತಿ ಎಲ್ಲಿಗೆ ಬಿಟ್ಟಿದ್ದೆ?” ಎಂದು ಕೇಳಿದಳು.

ಆರು ಜನರೂ ಒಟ್ಟಿಗೇ ಹೇಳಿದರು.